ಅಜ್ಜಿಯ ಹಾಡಿನ ಪುಸ್ತಕ ಸ್ಕ್ಯಾನ್ ಆಯಿತು, ಮುಂದೇನು?

ಹೊಳೆಸಾಲು (ನ್ಯೂಜೆರ್ಸಿ):
ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜಿ ರಾಯಚೂರು ಕಡೆಯವರು. ಅವರ ಕೈಬರಹದ ಹಾಡಿನ ಪುಸ್ತಕಗಳು ಈಗ ನನ್ನ ಹತ್ತಿರ ಇವೆ. ಲಕ್ಷ್ಮೀ ಶೋಭಾನೆ, ಆರತಿ ಹಾಡು, ಉಗಾಭೋಗ, ಸುಳಾದಿ ಎಲ್ಲ ಕಲಸಿ ಬರೆದಿದ್ದಾರೆ. ನಡುವೆ ಹಾಲಿನವನ ಲೆಕ್ಕವೂ ಇದೆ. ಪೂರ್ತಿ ಸ್ಕ್ಯಾನ್ ಮಾಡಿ ಗೂಗಲ್ ಡ್ರೈವಿಗೆ ಹಾಕಿದೆ. ಮನೆಯವರ ವಾಟ್ಸಾಪ್ ಗುಂಪಿಗೂ ಕಳಿಸಿದೆ. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು. ಹಾಡಿದವರು ಒಬ್ಬರೂ ಇಲ್ಲ. ನನಗೂ ಬರುವುದಿಲ್ಲ.

ಮಗಳಿಗೆ ಹನ್ನೊಂದು ವರ್ಷ. ಭಾನುವಾರ ಬಾಲವಿಹಾರಕ್ಕೆ ಹೋಗುತ್ತಾಳೆ. ಗೀತೆಯ ಹದಿನೈದನೇ ಅಧ್ಯಾಯದ 20 ಶ್ಲೋಕವೂ ಬಾಯಿಪಾಠ. ಅರ್ಥ ಕೇಳಿದರೆ ಬೇರು ಮೇಲಿರುವ ಅರಳಿಮರದವರೆಗೆ ಹೇಳುತ್ತಾಳೆ, ಅಲ್ಲಿಗೆ ನಿಲ್ಲುತ್ತದೆ. ಶಾಲೆಯಲ್ಲಿ ಯಾರೋ "ನಿಮ್ಮದು ಯಾವ ಪುಸ್ತಕ" ಅಂತ ಕೇಳಿದರಂತೆ. ಗೀತೆ ಅಂದಳಂತೆ. ಮನೆಗೆ ಬಂದು, "ಮುತ್ತಜ್ಜಿ ಗೀತೆ ಓದ್ತಿದ್ರಾ ಅಮ್ಮ?" ಅಂದಳು. ಅಜ್ಜಿ ಗೀತೆ ತೆರೆದದ್ದನ್ನು ನಾನು ನೋಡಿಲ್ಲ. ಆದರೆ ದೇವರ ವಿಷಯ ಅವರಷ್ಟು ತಿಳಿದವರನ್ನೂ ನೋಡಿಲ್ಲ.

ವಾರಕ್ಕೆ ಸಿಗುವುದು ಒಂದೆರಡು ಗಂಟೆ. ಸಂಸ್ಕೃತ ಕಲಿಸಲಾ, ಗೀತೆ ಮುಂದುವರಿಸಲಾ, ಈ ಹಾಡು ಹಿಡಿಯಲಾ? ತಿಳಿದವರು ಹೇಳಿ.

ಓಲೆಗರಿ (ಮೈಸೂರು):
ಮೇಡಂ, ಸ್ಕ್ಯಾನ್ ಮಾಡಿದ್ದು ಒಳ್ಳೆಯದೇ ಆಯಿತು. ನಾನು ಹಸ್ತಪ್ರತಿಗಳ ಜೊತೆ ಕೆಲಸ ಮಾಡುವವನು. ಫೋಟೋ ತೆಗೆದ ಮಾತ್ರಕ್ಕೆ ಯಾವುದೂ ಉಳಿಯುವುದಿಲ್ಲ ಅನ್ನುವುದನ್ನು ದಿನಾ ನೋಡುತ್ತೇನೆ.

ಮಲೆನಾಡು, ಕರಾವಳಿಯ ಅಟ್ಟಗಳಿಂದ ಬರುವ ಸಂಸ್ಕೃತದ ತಾಳೆಗರಿಗಳಲ್ಲಿ ಬಹಳಷ್ಟು ತಿಗಳಾರಿ ಲಿಪಿಯಲ್ಲಿವೆ. ಮಾಧ್ವ ಮಠ, ಮನೆತನಗಳ ಕಡೆ ನಂದಿನಾಗರಿ ಜಾಸ್ತಿ. ಕಟ್ಟು ಬಿಚ್ಚುತ್ತೇವೆ, ದೂಳು ಒರೆಸುತ್ತೇವೆ, ನಿಂಬೆಹುಲ್ಲಿನ ಎಣ್ಣೆ ಸವರುತ್ತೇವೆ. ಅಕ್ಷರ ಕಾಣದಿದ್ದರೆ ಮಸಿ ತುಂಬುತ್ತೇವೆ. ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಆಮೇಲೆ ಪಟ್ಟಿಯಲ್ಲಿ ಗ್ರಂಥದ ಹೆಸರು ಬರೆಯಬೇಕಲ್ಲ, ಅಲ್ಲಿ ಕೈ ನಿಲ್ಲುತ್ತದೆ. ನಂದಿನಾಗರಿ 2019ರಲ್ಲಿ, ತುಳು-ತಿಗಳಾರಿ 2024ರಲ್ಲಿ ಯೂನಿಕೋಡ್ ಸೇರಿದವು. ಕಂಪ್ಯೂಟರಿಗೆ ಅಕ್ಷರ ಬಂತು, ಸರಾಗವಾಗಿ ಓದುವವರು ಇನ್ನೂ ಕಡಿಮೆಯೇ.

ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು ಹೇಗೆ ಅಂತ ನಿಮಗೆಲ್ಲ ಗೊತ್ತಿರಬಹುದು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಗ್ರಂಥ ಲಿಪಿಯದು. ಅಂಥ ಪುಸ್ತಕ ಇತ್ತು ಅಂತ ಪಂಡಿತರಿಗೆಲ್ಲ ಗೊತ್ತಿತ್ತು, ಪುಸ್ತಕ ಮಾತ್ರ ಎಲ್ಲೂ ಇರಲಿಲ್ಲ. ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಇದ್ದರು. ಕಟ್ಟು ಬಿಚ್ಚಿ ಓದಿದರು, ಏನೆಂದು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಲಿಪಿ ಬಾರದವರ ಕೈಗೆ ಹೋಗಿದ್ದರೆ ಇವತ್ತಿಗೂ ಯಾವುದೋ ಬೀರುವಿನಲ್ಲಿ ನಂಬರು ಅಂಟಿಸಿಕೊಂಡು ಕೂತಿರುತ್ತಿತ್ತು.

ನಿಮ್ಮ ಅಜ್ಜಿಯ ಪುಸ್ತಕ ಕನ್ನಡದಲ್ಲೇ ಇದೆ, ಓದಬಹುದು. ಆದರೆ ರಾಗ, ಸಂದರ್ಭ ಹಾಳೆಯ ಮೇಲೆ ಇರುವುದಿಲ್ಲ. ಗೊತ್ತಿರುವ ಹಿರಿಯರು ಮನೆಯಲ್ಲಿ ಇದ್ದರೆ ಈ ವಾರವೇ ಫೋನ್ ಮಾಡಿ. ಹಾಡಿಸಿ, ರೆಕಾರ್ಡ್ ಮಾಡಿ. 'ಸ್ಕ್ಯಾನ್ 47' ಅಂತ ಇರುವ ಫೈಲಿಗೆ ಹಾಡಿನ ಹೆಸರು, ಹಾಡಿದವರು ಯಾರು, ಯಾವ ಹಬ್ಬಕ್ಕೆ, ಇಷ್ಟು ಬರೆದಿಡಿ.

ಮಂಡಳಿಯಕ್ಕ (ಹುಬ್ಬಳ್ಳಿ):
ತಂಗಿ, ಪುಸ್ತಕದಲ್ಲಿ ಹಾಡಿನ ತಲೆಯ ಮೇಲೆ ಸಣ್ಣದಾಗಿ "ಇಂಥ ಹಾಡಿನ ಧಾಟಿ" ಅಂತ ಬರೆದಿದೆಯಾ ನೋಡಿ. ಹಳೇ ಪುಸ್ತಕಗಳಲ್ಲಿ ಇರುತ್ತದೆ. ನಮ್ಮ ಭಜನಾ ಮಂಡಳಿಯಲ್ಲಿ ಹೊಸ ಹಾಡು ಹಿಡಿಯುವುದೇ ಹಾಗೆ. ಸ್ವರ ಯಾರಿಗೂ ಗೊತ್ತಿಲ್ಲ, ಧಾಟಿ ಎಲ್ಲರಿಗೂ ಗೊತ್ತು.

ಆಮೇಲೆ ಕೊನೆಯ ನುಡಿಯಲ್ಲಿ ಅಂಕಿತ, ಅಂದರೆ ಹಾಡು ಕಟ್ಟಿದವರ ಗುರುತಿನ ಹೆಸರು, ಹುಡುಕಿ. ಪುರಂದರವಿಠಲ, ಕಾಗಿನೆಲೆಯಾದಿಕೇಶವ ಎಲ್ಲರಿಗೂ ಗೊತ್ತಿರುವುದೇ. ಹಯವದನ ಅಂತ ಬಂದರೆ ವಾದಿರಾಜರು. ಭೀಮೇಶಕೃಷ್ಣ ಅಂತ ಬಂದರೆ ಹರಪನಹಳ್ಳಿ ಭೀಮವ್ವ. ಹೆಳವನಕಟ್ಟೆ ರಂಗ ಬಂದರೆ ಗಿರಿಯಮ್ಮ. ಚಂದ್ರಹಾಸನ ಕಥೆ, ಸೀತಾಕಲ್ಯಾಣ ಬರೆದವರು ಇದೇ ಗಿರಿಯಮ್ಮ. ನಮ್ಮ ಕಡೆ ಹೆಣ್ಣುಮಕ್ಕಳು ಪುರಾಣ ಕಲಿತದ್ದು ಹೀಗೆ ಹಾಡಿನಲ್ಲೇ.

ರಾಯಚೂರು ಅಂದಿರಿ. ವಿಜಯದಾಸರು ಚೀಕಲಪರ್ವಿಯವರು, ಗೋಪಾಲದಾಸರು ಮೊಸರಕಲ್ಲಿನವರು, ಜಗನ್ನಾಥದಾಸರು ಮಾನ್ವಿಯವರು. ಎಲ್ಲ ನಿಮ್ಮ ಜಿಲ್ಲೆಯೇ. ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ ಮಧ್ವಸಿದ್ಧಾಂತ ಪೂರ್ತಿ ಇದೆ. ಅದೂ ಕನ್ನಡದಲ್ಲಿ, ಭಾಮಿನಿ ಷಟ್ಪದಿಯಲ್ಲಿ. ಬರೇ ಹಾಡು ಅಂತ ಪಕ್ಕಕ್ಕೆ ಇಡಬೇಡಿ. ನಿಮ್ಮ ಅಜ್ಜಿಗೆ ಅದೇ ಶಾಸ್ತ್ರ.

ಒಂದೇದನಿ (ಬೆಂಗಳೂರು):
ಎಲ್ಲ ಕೇಳಲು ಚೆನ್ನಾಗಿದೆ. ಆದರೆ ಆ ಮಗುವಿಗೆ ಶಾಲೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಬೇಕು. ಬೇರೆ ಧರ್ಮದ ಮಕ್ಕಳು ಒಂದು ಪುಸ್ತಕ ತೋರಿಸುತ್ತಾರೆ. ನಮ್ಮ ಮಕ್ಕಳು ತಬ್ಬಿಬ್ಬಾಗುತ್ತಾರೆ. ಧಾಟಿ, ತಿಗಳಾರಿ ಅಂತ ಕೂತರೆ ಗುರುತು ಉಳಿಯುವುದಿಲ್ಲ. ಗೀತೆ ಒಂದನ್ನು ಎಲ್ಲ ಮನೆಗೂ ತಲುಪಿಸೋಣ. ಉಳಿದದ್ದು ಆಮೇಲೆ.

ಘನಾಂತ (ಶಿವಮೊಗ್ಗ, ಈಗ ಹೈದರಾಬಾದ್):
ಸರ್, ಗೀತೆ ಬೇಡ ಅಂತ ಇಲ್ಲಿ ಯಾರೂ ಹೇಳಿಲ್ಲ. ಆದರೆ ಒಂದೇ ಪುಸ್ತಕ ಅನ್ನುವ ಪದ್ಧತಿ ನಮ್ಮಲ್ಲಿ ಯಾವಾಗ ಇತ್ತು? ವೇದಾಂತಕ್ಕೆ ಬಂದರೂ ಉಪನಿಷತ್ತು, ಬ್ರಹ್ಮಸೂತ್ರ, ಗೀತೆ ಅಂತ ಮೂರು. ಅದೇ ಗೀತೆಗೆ ಶಂಕರರು, ರಾಮಾನುಜರು, ಮಧ್ವರು ಬೇರೆ ಬೇರೆ ಅರ್ಥ ಹೇಳಿದರು. ಶೃಂಗೇರಿ, ಮೇಲುಕೋಟೆ, ಉಡುಪಿ ಮೂರೂ ನಮ್ಮ ರಾಜ್ಯದಲ್ಲೇ ಇವೆ. ಜಗಳವಾಡುತ್ತಲೇ ಇಷ್ಟು ಶತಮಾನ ನಡೆದಿದೆ.

ನಾನು ಪಾಠಶಾಲೆಯಲ್ಲಿ ಓದಿದವನು. ವೇದ ಉಳಿದ ರೀತಿ ಹೇಳುತ್ತೇನೆ. ಋಗ್ವೇದದಲ್ಲಿ 1028 ಸೂಕ್ತ. ಮೊದಲು ಸಂಹಿತೆ, ಅಂದರೆ ಮಂತ್ರ ಇದ್ದ ಹಾಗೆ. ಆಮೇಲೆ ಸಂಧಿ ಬಿಡಿಸಿ ಪದ, ಆಮೇಲೆ ಎರಡೆರಡು ಪದ ಕೂಡಿಸಿ ಕ್ರಮ. ಜಟೆಯಲ್ಲಿ ಪದಗಳನ್ನು ಒಂದು-ಎರಡು, ಎರಡು-ಒಂದು, ಒಂದು-ಎರಡು ಅಂತ ಹೇಳಬೇಕು. ಘನದಲ್ಲಿ ಅದರ ಮೇಲೆ ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು. ಪ್ರತಿ ಪದಕ್ಕೂ ಹೀಗೆ. ಒಂದು ಸ್ವರ ಜಾರಿದರೆ ಪಕ್ಕದಲ್ಲಿ ಕೂತವನಿಗೆ ತಕ್ಷಣ ಗೊತ್ತಾಗುತ್ತದೆ. ಪುಸ್ತಕ ಇಲ್ಲದೆ ಇಷ್ಟು ನಿಖರವಾಗಿ ಬಂದಿದೆ ಅಂದರೆ ಈ ಏರ್ಪಾಡೇ ಕಾರಣ.

ಆದರೂ ಕಳೆದುಹೋಗಿದೆ, ಅದನ್ನೂ ಹೇಳಬೇಕು. ಪತಂಜಲಿ ಮಹಾಭಾಷ್ಯದಲ್ಲಿ ವೇದದ ಶಾಖೆಗಳ, ಅಂದರೆ ಬೇರೆ ಬೇರೆ ಪಾಠ ಪರಂಪರೆಗಳ ಲೆಕ್ಕ ಕೊಡುತ್ತಾರೆ: ಋಗ್ವೇದಕ್ಕೆ 21, ಯಜುಸ್ಸಿಗೆ 101, ಸಾಮಕ್ಕೆ ಸಾವಿರ ದಾರಿ, ಅಥರ್ವಕ್ಕೆ 9. ಇವತ್ತು ಋಗ್ವೇದ ಹೇಳುವವರಲ್ಲಿ ಹೆಚ್ಚಿನವರು ಶಾಕಲ ಶಾಖೆಯವರು. ಸಾಮದಲ್ಲಿ ಕೌಥುಮ, ರಾಣಾಯನೀಯ, ಜೈಮಿನೀಯ ಅಂತ ಮೂರು. ರಾಣಾಯನೀಯ ನಮ್ಮ ಉತ್ತರ ಕನ್ನಡದ ಹವ್ಯಕರಲ್ಲಿ ಉಳಿದಿದೆ. ಉಳಿದ ಎಷ್ಟೋ ಶಾಖೆಗಳನ್ನು ಯಾರೂ ಸುಟ್ಟಿದ್ದಲ್ಲ. ಮುಂದೆ ಕೂತು ಕೇಳುವ ಹುಡುಗ ಇರಲಿಲ್ಲ, ಅಷ್ಟೆ.

ಹೊಳೆಸಾಲು ಮೇಡಂ, ಮಗಳಿಗೆ ಏನೇ ಕಲಿಸಿ, ಎದುರಿಗೆ ಒಬ್ಬರು ಕೂತು ತಿದ್ದುವ ಹಾಗೆ ಇರಲಿ. ವೀಡಿಯೊ ತಪ್ಪು ಹಿಡಿಯುವುದಿಲ್ಲ.

ಸುಮ್ನೆಕೇಳ್ದೆ (ತುಮಕೂರು):
ಘನಾಂತ ಸರ್, ಒಂದು ಪ್ರಶ್ನೆ. ನಾನು ಬಿ.ಎಸ್ಸಿ. ಎರಡನೇ ವರ್ಷ. ನಮ್ಮೂರಲ್ಲಿ ವೇದತರಗತಿ ಅಂತ ಬೋರ್ಡ್ ನೋಡಿ ಹೋದೆ. ಹೆಣ್ಣುಮಕ್ಕಳಿಗೆ ಇಲ್ಲ, ಲಲಿತಾ ಸಹಸ್ರನಾಮದ ತರಗತಿ ಇದೆ, ಅದಕ್ಕೆ ಬಾ ಅಂದರು. ಯಾಕೆ ಅಂದೆ. ಹಾಗೆಲ್ಲ ಕೇಳಬಾರದು ಅಂದರು.

ಕೇಳುವವರು ಇಲ್ಲ ಅಂತ ನೀವೇ ಹೇಳುತ್ತೀರಿ. ಕೇಳಲು ಬಂದರೆ ಬಾಗಿಲು ಹಾಕುತ್ತಾರೆ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಗಾರ್ಗಿ ತುಂಬಿದ ಸಭೆಯಲ್ಲಿ ಯಾಜ್ಞವಲ್ಕ್ಯರನ್ನು ಕೇಳುತ್ತಾಳೆ. ಜಾಸ್ತಿ ಕೇಳಬೇಡ, ತಲೆ ಬಿದ್ದೀತು ಅನ್ನುತ್ತಾರೆ ಅವರು. ಸುಮ್ಮನಾಗುತ್ತಾಳೆ. ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ಎರಡು ಪ್ರಶ್ನೆ ಹಾಕುತ್ತಾಳೆ! ನಚಿಕೇತ ಯಮನನ್ನೇ ಬಿಡಲಿಲ್ಲ. ಪುಸ್ತಕದ ತುಂಬ ಪ್ರಶ್ನೆ ಇದೆ, ತರಗತಿಯಲ್ಲಿ ಮಾತ್ರ ಇಲ್ಲ. ನನ್ನ ಓರಗೆಯವರು ಇದರಿಂದ ದೂರ ಹೋಗುವುದು ಮೊಬೈಲಿನಿಂದ ಅಂತ ಹೇಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಘನಾಂತ:
ತಂಗಿ, ನಿನ್ನ ಮಾತಿಗೆ ನನ್ನಲ್ಲಿ ಅಡ್ಡ ಮಾತಿಲ್ಲ. ಪುಣೆಯಲ್ಲಿ ದಶಕಗಳಿಂದ ಹೆಣ್ಣುಮಕ್ಕಳು ಪೌರೋಹಿತ್ಯ ಕಲಿತು ಮಾಡಿಸುತ್ತಿದ್ದಾರೆ. ನಮ್ಮಲ್ಲೂ ಹೇಳಿಕೊಡುವವರು ಇದ್ದಾರೆ. ಒಪ್ಪದವರೂ ಇದ್ದಾರೆ, ಶಾಸ್ತ್ರದ ಆಧಾರ ಕೊಡುತ್ತಾರೆ. ಆ ವಾದ ಇವತ್ತು ಮುಗಿಯುವುದಲ್ಲ.

ಪಾಠಶಾಲೆಗಳ ಬಗ್ಗೆ ನನಗೆ ಬೇರೆ ದೂರು ಇದೆ. ಹುಡುಗರು ವರ್ಷಗಟ್ಟಲೆ ಬಾಯಿಪಾಠ ಮಾಡುತ್ತಾರೆ. ಎಷ್ಟೋ ಕಡೆ ಅರ್ಥ ಹೇಳುವುದೇ ಇಲ್ಲ. ಹದಿನಾಲ್ಕನೇ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ ಕೂತು ಸಾಯಣರು ಭಾಷ್ಯ ಬರೆದದ್ದು ಅರ್ಥಕ್ಕಾಗಿಯೇ ಅಲ್ವಾ? ಅದೇ ಭಾಷ್ಯದ ಜೊತೆ ಇಡೀ ಋಗ್ವೇದ ಕನ್ನಡ ಲಿಪಿಯಲ್ಲಿ, ಕನ್ನಡ ಅನುವಾದ ಸಮೇತ, ಜಯಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಮೂವತ್ತಕ್ಕೂ ಹೆಚ್ಚು ಸಂಪುಟಗಳಲ್ಲಿ ಮೈಸೂರಿನಿಂದ ಬಂತು. ಲೈಬ್ರರಿಯಲ್ಲಿ ಕೇಳಿ ನೋಡು. ಅದನ್ನು ಓದಲು ಯಾರ ಅಪ್ಪಣೆಯೂ ಬೇಡ.

ಬೆಟ್ಟದಕಡೆಯವ (ಕೊಳ್ಳೇಗಾಲ):
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ವೇದ, ಗೀತೆ, ದಾಸರ ಪದ ಎಲ್ಲ ಬಂತು. ನಮ್ಮ ಮನೆಯಲ್ಲಿ ಇವು ಯಾವುವೂ ಇರಲಿಲ್ಲ. ನಾವು ಹಿಂದೂಗಳಲ್ವಾ?

ನಮ್ಮ ತಾತ ದೇವರಗುಡ್ಡ, ಅಂದರೆ ಮಾದಪ್ಪನ ಹೆಸರಲ್ಲಿ ದೀಕ್ಷೆ ಪಡೆದವರು. ಮಲೆ ಮಾದೇಶ್ವರನ ಕಥೆ ಹೇಳುತ್ತಿದ್ದರು. ಕಂಸಾಳೆ ಹಿಡಿದು ಕೂತರೆ ಬೆಳಗಾಗುವವರೆಗೆ. ಅದೂ ಪೂರ್ತಿ ಮುಗಿಯುವುದಿಲ್ಲ, ಒಂದು ರಾತ್ರಿಗೆ ಒಂದು ಸಾಲು, ಅಂದರೆ ಕಥೆಯ ಒಂದು ಭಾಗ. ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು, ಹೀಗೆ. ಮಂಟೇಸ್ವಾಮಿ ಕಥೆಯನ್ನು ನೀಲಗಾರರು ತಂಬೂರಿ ಹಿಡಿದು ಹೇಳುತ್ತಾರೆ. ತಾತನಿಗೆ ಓದು ಬರಹ ಇಲ್ಲ. ಕೇಳುತ್ತಾ ಕೇಳುತ್ತಾ ಕಲಿತದ್ದು. ಹಿಂದೆ ಕೂತು ಸೊಲ್ಲು ಹಿಡಿಯುವ ಹುಡುಗನೇ ನಾಳೆ ಮುಂದೆ ಕೂರುವವನು. ಘನಾಂತ ಅವರು ಹೇಳಿದ ಪಾಠಶಾಲೆಗೂ ಇದಕ್ಕೂ ನನಗೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಒಂದು ವ್ಯತ್ಯಾಸ ಇದೆ. ಗುಡ್ಡರು ಹೇಳುವಾಗ ಮಾತು ಬದಲಾಗುತ್ತದೆ. ಕೇಳುವವರು ಯಾರು ಅಂತ ನೋಡಿ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ವೇದದಲ್ಲಿ ಅದು ಆಗದು.

ಈಗ ಹುಡುಗರು ಕಂಸಾಳೆ ಕುಣಿತ ಕಲಿಯುತ್ತಾರೆ. ಮೆರವಣಿಗೆಗೆ, ದಸರಾಕ್ಕೆ ಕರೆಯುತ್ತಾರೆ, ದುಡ್ಡೂ ಸಿಗುತ್ತದೆ. ಕಥೆ ಯಾರಿಗೂ ಬೇಡ. ಕುಣಿತ ಹತ್ತು ನಿಮಿಷ, ಕಥೆ ಒಂದು ರಾತ್ರಿ. ಯಾರು ಕೂರುತ್ತಾರೆ?

ನ್ಯೂಜೆರ್ಸಿ ಅಕ್ಕ, ನಿಮ್ಮ ಮಗಳಿಗೆ ಸಂಕಮ್ಮನ ಸಾಲು ಹೇಳಿ. ಗಂಡ ಜೇನಿಗೆ ಕಾಡಿಗೆ ಹೊರಟವನು, ನಾನು ಬರುವವರೆಗೆ ನಿಯತ್ತಾಗಿ ಇರುತ್ತೇನೆ ಅಂತ ಭಾಷೆ ಕೊಡು ಅನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಎಷ್ಟು ಹಿಂಸೆ ಕೊಟ್ಟರೂ ಕೊಡುವುದಿಲ್ಲ. ಕೊನೆಗೆ ಮಾದಪ್ಪ ಅವಳ ಕಡೆಗೆ ಬರುತ್ತಾನೆ. ಗಾರ್ಗಿಯ ಪಕ್ಕ ಸಂಕಮ್ಮನನ್ನೂ ಕೂರಿಸಬಹುದು.

ಸುಮ್ನೆಕೇಳ್ದೆ:
ಇದು ನಂಗೆ ಗೊತ್ತೇ ಇರಲಿಲ್ಲ. ಪಕ್ಕದ ಜಿಲ್ಲೆಗಳ ಕಥೆ!

ಒಂದೇದನಿ:
ಜನಪದ ಬೇರೆ, ಶಾಸ್ತ್ರ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಮಕ್ಕಳಿಗೆ ಪ್ರಮಾಣ ಯಾವುದು ಅಂತ ತಿಳಿಯುವುದಿಲ್ಲ. ವೇದಕ್ಕೆ ಇರುವ ಸ್ಥಾನ ವೇದಕ್ಕೇ ಇರಬೇಕು. ಯಾರನ್ನೂ ಕೀಳು ಮಾಡಲು ಹೇಳುತ್ತಿಲ್ಲ.

ಬೆಟ್ಟದಕಡೆಯವ:
ವೇದದ ಸ್ಥಾನ ವೇದಕ್ಕೆ ಇರಲಿ ಸರ್. ನಮ್ಮ ಮನೆಯಲ್ಲಿ ಮಾದಪ್ಪನ ಮೇಲೆ ಆಣೆ ಇಟ್ಟರೆ ಅದು ಪ್ರಮಾಣ. ನಮಗೆ ಗುರುತು ಉಳಿಸಿದ್ದು ಬೆಟ್ಟದ ಜಾತ್ರೆ, ಹರಕೆ, ಮುಡಿ. ಪುಸ್ತಕ ಬಂದದ್ದು ಆಮೇಲೆ.

ಲೆಕ್ಕಿಗ (ವಿಜಯಪುರ):
ನಡುವೆ ಬಾಯಿ ಹಾಕುತ್ತೇನೆ. ನಮ್ಮ ಊರಿನ ಫ. ಗು. ಹಳಕಟ್ಟಿಯವರು ವಕೀಲರು. ಮನೆ ಮನೆಗೆ ಹೋಗಿ ವಚನದ ಓಲೆಗರಿ ಹುಡುಕಿದರು. ಜನ ಅವನ್ನು ಜಗುಲಿಯ ಮೇಲೆ ಇಟ್ಟು ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದರು. 1925ರಲ್ಲಿ ಇದಕ್ಕೇ ಅಂತ ಹಿತಚಿಂತಕ ಮುದ್ರಣಾಲಯ ಹಾಕಿದರು, ಅದಕ್ಕೆ ಮನೆಯನ್ನೂ ಮಾರಿದರು. ಮರುವರ್ಷ ಶಿವಾನುಭವ ಪತ್ರಿಕೆ. ಇವತ್ತು ವಚನ ಗೊತ್ತಿಲ್ಲದ ಕನ್ನಡಿಗ ಇದ್ದಾನಾ? ಪೂಜೆ ಮಾಡಿದ್ದಕ್ಕಿಂತ ಬಿಚ್ಚಿದ್ದರಿಂದಲೇ ಉಳಿದದ್ದು ಜಾಸ್ತಿ. ನಾನು ಬಿ.ಕಾಂ. ಮಾಡಿದವನು, ಶಾಸ್ತ್ರ ತಿಳಿಯದು. ಇದು ಮಾತ್ರ ಊರಲ್ಲಿ ಎಲ್ಲರಿಗೂ ಗೊತ್ತು.

ಒಂದೇದನಿ:
ವಚನ ಹಿಂದೂ ಅಲ್ಲ ಅಂತ ಹೇಳುವವರೂ ಇದ್ದಾರಲ್ಲ, ಅವರನ್ನು ಕೇಳಿ ಮೊದಲು.

ನಿರ್ವಾಹಕ:
ಆ ಚರ್ಚೆಗೆ ಬೇರೆ ಎಳೆ ಇದೆ, ನಾನೂರು ಪ್ರತಿಕ್ರಿಯೆ ದಾಟಿದೆ. ಇಲ್ಲಿ ಬೇಡ. ಮೂಲ ಪ್ರಶ್ನೆಗೆ ಬನ್ನಿ.

ಓಲೆಗರಿ:
ಲೆಕ್ಕಿಗ ಅವರ ಮಾತಿಗೆ ಒಂದು ಸೇರಿಸುತ್ತೇನೆ. ದಾಸರ ಪದ ಮೊದಲು ಅಚ್ಚು ಮಾಡಿಸಿದವರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಪ್ರಮುಖರು. 1850ರ ಹೊತ್ತಿಗೆ, ಮಂಗಳೂರಿನಲ್ಲಿ. ಮತಪ್ರಚಾರಕ್ಕೆ ಬಂದವರು. ನಮ್ಮ ಜನರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಇವರು ಏನು ಹಾಡುತ್ತಾರೆ ಅಂತ ನೋಡಬೇಕು ಅನ್ನುವುದು ಅವರಿಗೆ ಹೊಳೆದಿತ್ತು.

ತುಂಗಾತೀರ (ಹೊಸಹಳ್ಳಿ ಹತ್ತಿರ):
ತಡವಾಗಿ ಬಂದೆ. ಇಷ್ಟೆಲ್ಲ ಮಾತಾಡಿದರೂ ಗಮಕದ ಹೆಸರು ಯಾರೂ ಎತ್ತಲಿಲ್ಲ!

ನಮ್ಮಲ್ಲಿ ತುಂಗೆಯ ಒಂದು ದಂಡೆಗೆ ಮತ್ತೂರು, ಇನ್ನೊಂದು ದಂಡೆಗೆ ಹೊಸಹಳ್ಳಿ. ಮತ್ತೂರಿನ ಸಂಸ್ಕೃತ ಎಲ್ಲರಿಗೂ ಗೊತ್ತು, ಕ್ಯಾಮರಾ ಹಿಡಿದು ಬರುತ್ತಲೇ ಇರುತ್ತಾರೆ. ಹೊಸಹಳ್ಳಿಯ ಗಮಕ ಅಷ್ಟು ಜನಕ್ಕೆ ಗೊತ್ತಿಲ್ಲ. ಇದೇ ಊರಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಒಂದಷ್ಟು ಜನ ಗಮಕ ಅಂದರೇನು ಅಂತ ಹುಡುಕಿದರು.

ಘನಾಂತ ಅವರಿಗೆ ಅರ್ಥ ಇಲ್ಲ ಅನ್ನುವ ಕೊರಗು. ಮಂಡಳಿಯಕ್ಕನಿಗೆ ಧಾಟಿ ಬೇಕು. ಗಮಕದಲ್ಲಿ ಎರಡೂ ಇವೆ. ಒಬ್ಬರು ಕಾವ್ಯವನ್ನು ರಾಗದಲ್ಲಿ ಓದುತ್ತಾರೆ, ಇದು ವಾಚನ. ಪಕ್ಕದಲ್ಲಿ ಕೂತವರು ಪದ್ಯ ಪದ್ಯಕ್ಕೂ ನಿಲ್ಲಿಸಿ ಅರ್ಥ ಹೇಳುತ್ತಾರೆ, ಇದು ವ್ಯಾಖ್ಯಾನ. ರಾಗ ಸಂಗೀತ ಕಛೇರಿಯ ಹಾಗೆ ಮಾತನ್ನು ನುಂಗಬಾರದು, ಪದ ಕಿವಿಗೆ ಬಿಡಿಬಿಡಿಯಾಗಿ ಬೀಳಬೇಕು. ಕೀಚಕನ ಪ್ರಸಂಗಕ್ಕೆ ಒಂದು ರಾಗ, ದ್ರೌಪದಿ ಭೀಮನ ಹತ್ತಿರ ಅಳುವಾಗ ಇನ್ನೊಂದು. ಹಿಂದೆ ಊರಿನ ಚಾವಡಿಯಲ್ಲಿ, ದೇವಸ್ಥಾನದಲ್ಲಿ ಕುಮಾರವ್ಯಾಸ ಭಾರತ, ತೊರವೆ ರಾಮಾಯಣ, ಜೈಮಿನಿ ಭಾರತ ಓದಿಸುತ್ತಿದ್ದರು. ಓದು ಬಾರದವರೂ ಕೂತು ಕೇಳುತ್ತಿದ್ದರು. ಮಹಾಭಾರತದ ಧರ್ಮಸೂಕ್ಷ್ಮ ಚರ್ಚೆ ಮಾಡುವ ರೈತರು ನಮ್ಮಲ್ಲಿ ಇದ್ದದ್ದು ಹೀಗೆ. ಪುಸ್ತಕ ಒಂದೇ, ಕಿವಿ ನೂರು.

ಇದು ನಿಂತದ್ದು ಯಾರ ದಾಳಿಯಿಂದಲೂ ಅಲ್ಲ. ಸಂಜೆ ಏಳು ಗಂಟೆ ಟಿವಿಯ ಪಾಲಾಯಿತು.

ಹೊಳೆಸಾಲು ಅವರೇ, ನಾವು ಒಂದಷ್ಟು ಜನ ಆನ್‌ಲೈನಲ್ಲಿ ಗಮಕ ವಾಚನ ಶುರು ಮಾಡೋಣ ಅಂತ ಇದ್ದೇವೆ. ಶನಿವಾರ ರಾತ್ರಿ ಎಂಟೂವರೆ, ನಿಮಗೆ ಬೆಳಿಗ್ಗೆ ಹನ್ನೊಂದು. ಒಂದು ಗಂಟೆ, ಅಷ್ಟೆ. ಮಕ್ಕಳು ಪದ್ಯ ತಿರುಗಿ ಹೇಳಬೇಕು, ಪ್ರಶ್ನೆ ಕೇಳಬೇಕು. ಕೇಳಬಾರದು ಅಂತ ಯಾರೂ ಅನ್ನುವುದಿಲ್ಲ. ತುಮಕೂರಿನ ಹುಡುಗಿಯೂ ಬರಲಿ.

ಒಂದೇದನಿ:
ಗೀತೆ ಓದಿಸುತ್ತೀರಾ?

ತುಂಗಾತೀರ:
ಗೀತೆ ಇರುವುದೇ ಭೀಷ್ಮಪರ್ವದಲ್ಲಿ. ಕುಮಾರವ್ಯಾಸ ಅದನ್ನು ಚಿಕ್ಕದು ಮಾಡಿ ಹೇಳುತ್ತಾನೆ. ಅಲ್ಲಿಗೆ ಬಂದಾಗ ಮೂಲ ಶ್ಲೋಕ ನೀವೇ ಓದಿ, ಅರ್ಥವನ್ನೂ ನೀವೇ ಹೇಳಿ. ನಾವು ಕೇಳುತ್ತೇವೆ.

ಒಂದೇದನಿ:
ಸರಿ. ಬರುತ್ತೇನೆ.

ಹೊಳೆಸಾಲು:
ಎಲ್ಲರಿಗೂ ಧನ್ಯವಾದ. ಓಲೆಗರಿಯವರು ಹೇಳಿದ ಹಾಗೆ ಸಿಂಧನೂರಿನ ಅತ್ತೆಗೆ ವೀಡಿಯೊ ಕರೆ ಮಾಡಿದೆ. ಪುಸ್ತಕದ ಪುಟ ತೋರಿಸುತ್ತಾ ಹೋದೆ. ಕನ್ನಡಕ ಸಿಗಲಿಲ್ಲ ಅಂದರು, ಆದರೂ ಮೊದಲ ಸಾಲು ಓದಿದರೆ ಮುಂದಿನದು ತಾನಾಗಿ ಬರುತ್ತಿತ್ತು. ಭೀಮವ್ವನದು ಏಳು ಹಾಡು ಸಿಕ್ಕವು ಅಕ್ಕ, ಅಂಕಿತ ನೋಡಿಯೇ ಗೊತ್ತಾಯಿತು. ಅತ್ತೆ ಪ್ರತಿ ಮಂಗಳವಾರ ಮಗಳಿಗೆ ಒಂದು ನುಡಿ ಹೇಳಿಕೊಡುತ್ತಾರಂತೆ. ಎದುರಿಗೆ ಕೂತು ತಿದ್ದುತ್ತಾರೆ ಘನಾಂತ ಸರ್, ಚೆನ್ನಾಗಿ ಬೈಯುತ್ತಲೂ ಇದ್ದಾರೆ! ಗೀತೆಯ ತರಗತಿ ಬಿಡಿಸುವುದಿಲ್ಲ. ಆದರೆ ಸ್ಪರ್ಧೆಗೆ ಇನ್ನೊಂದು ಅಧ್ಯಾಯ ಬಾಯಿಪಾಠ ಮಾಡುವ ಬದಲು ಹದಿನೈದನೆಯದರ ಅರ್ಥವನ್ನೇ ಮುಗಿಸೋಣ ಅಂತ ಅವಳ ಟೀಚರಿಗೆ ಹೇಳಿದ್ದೇನೆ.

ಬೆಟ್ಟದಕಡೆಯವರೇ, ಸಂಕಮ್ಮ ಭಾಷೆ ಯಾಕೆ ಕೊಡಲಿಲ್ಲ, ಕೊಟ್ಟುಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಮಗಳು ಕೇಳುತ್ತಿದ್ದಾಳೆ. ನನಗೆ ಉತ್ತರ ಗೊತ್ತಿಲ್ಲ.

ಬೆಟ್ಟದಕಡೆಯವ:
ಅಕ್ಕ, ಅದಕ್ಕೆ ಗುಡ್ಡರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಶನಿವಾರದ ಓದು ಮುಗಿದ ಮೇಲೆ ನನಗೆ ಅರ್ಧ ಗಂಟೆ ಕೊಟ್ಟರೆ ಚಿಕ್ಕಪ್ಪನನ್ನು ಕೂರಿಸುತ್ತೇನೆ. ಅವರಿಗೆ ಆ ಸಾಲು ಬರುತ್ತದೆ. ನೆಟ್‌ವರ್ಕ್ ಸರಿ ಇದ್ದರೆ ಕಂಸಾಳೆಯೂ ಕೇಳಿಸುತ್ತದೆ.

ತುಂಗಾತೀರ:
ಖಂಡಿತ. ಹಾಗಾದರೆ ಈ ಶನಿವಾರ ವಿರಾಟಪರ್ವದಿಂದ ಶುರು. ಕೊಂಡಿ ಎಲ್ಲರಿಗೂ ಖಾಸಗಿ ಸಂದೇಶದಲ್ಲಿ ಕಳಿಸುತ್ತೇನೆ.

ಹೊಳೆಸಾಲು:
ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆ ಅಂತಾರಲ್ವಾ? ಇಲ್ಲಿ ಆಗಲೇ ಜಾಸ್ತಿ ಆಗಿದೆ, ಬೇಸ್‌ಮೆಂಟಿಗೆ ನೀರು ನುಗ್ಗಿದೆ. ಉದ್ಯೋಗಪರ್ವದಿಂದ ಶುರು ಮಾಡಬಹುದಾ?

ಲೆಕ್ಕಿಗ:
ಬೇಡ ಮೇಡಂ. ನಮ್ಮ ಕಡೆ ಕೆರೆ ಖಾಲಿ ಬಿದ್ದಿದೆ. ವಿರಾಟಪರ್ವವೇ ಇರಲಿ.